ಜನವರಿ 16: ಸರ್ಕಾರ ತನ್ನ ಕೈ ತಾನೇ ಕಟ್ಟಿಕೊಂಡ ದಿನ

ಅಮೆರಿಕದಲ್ಲಿ ಪ್ರತಿ ವರ್ಷ ಜನವರಿ 16ಕ್ಕೆ ಅಧ್ಯಕ್ಷರ ಸಹಿಯೊಂದಿಗೆ ಒಂದು ಚಿಕ್ಕ ಘೋಷಣೆ ಹೊರಬರುತ್ತದೆ. ಆ ದಿನದ ಹೆಸರು 'ಧಾರ್ಮಿಕ ಸ್ವಾತಂತ್ರ್ಯ ದಿನ'. ಅದಕ್ಕೆ ರಜೆ ಇಲ್ಲ. ಅಂಚೆ ಕಚೇರಿ, ಬ್ಯಾಂಕು, ಶಾಲೆ ಎಲ್ಲವೂ ಎಂದಿನಂತೆ ತೆರೆದಿರುತ್ತವೆ. ಬಹಳಷ್ಟು ಜನರಿಗೆ ಆ ದಿನ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ಆದರೂ ಈ ಒಂದು ದಿನವನ್ನು ಹತ್ತಿರದಿಂದ ನೋಡಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ಕಾರಣ ಸರಳ. ಸರ್ಕಾರಗಳು ಸಾಮಾನ್ಯವಾಗಿ ತಾವು ಮಾಡಿದ ಕೆಲಸವನ್ನು ಕೊಂಡಾಡುತ್ತವೆ. ಈ ದಿನ ಕೊಂಡಾಡುವುದು 'ಇನ್ನು ಮುಂದೆ ನಾವು ಧರ್ಮದ ವಿಷಯದಲ್ಲಿ ತಲೆ ಹಾಕುವುದಿಲ್ಲ' ಅಂತ 1786ರಲ್ಲಿ ವರ್ಜೀನಿಯಾ ರಾಜ್ಯದ ಸರ್ಕಾರ ಕಾಯಿದೆಯಲ್ಲಿ ಬರೆದುಕೊಟ್ಟದ್ದನ್ನು. ಅಂಥದ್ದನ್ನು ಸರ್ಕಾರವೇ ಆಚರಿಸುವಾಗ ಏನಾಗುತ್ತದೆ? ನೆನಪು ನೆಟ್ಟಗೆ ಉಳಿಯುತ್ತದಾ, ಇಲ್ಲ ಮೆಲ್ಲಗೆ ಬೇರೇನೋ ಆಗುತ್ತದಾ? ಈ ಪ್ರಕರಣದಲ್ಲಿ ನಾನು ಹುಡುಕಿದ್ದು ಅದನ್ನೇ.

ಹೊಗೆಸೊಪ್ಪು ಮತ್ತು ಜೈಲಿನ ಕಿಟಕಿ

ಕಥೆ ವರ್ಜೀನಿಯಾದ್ದು. ಅದು ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲ. ಅಲ್ಲಿ ಸರ್ಕಾರದ್ದೇ ಒಂದು ಚರ್ಚ್ ಇತ್ತು, ಆಂಗ್ಲಿಕನ್ ಚರ್ಚ್. ಪಾದ್ರಿಗೆ ಸಂಬಳ ಹೊಗೆಸೊಪ್ಪಿನಲ್ಲಿ. ವರ್ಷಕ್ಕೆ 16,000 ಪೌಂಡ್ ತೂಕ ಅಂತ ಕಾನೂನಿನಲ್ಲೇ ಬರೆದಿತ್ತು. ಆ ಹೊಗೆಸೊಪ್ಪನ್ನು ಊರಿನವರಿಂದ ತಲೆಗಿಷ್ಟು ಅಂತ ತೆರಿಗೆಯಾಗಿ ಎತ್ತುತ್ತಿದ್ದರು. ನೀವು ಆ ಚರ್ಚಿಗೆ ಹೋಗುತ್ತೀರೋ ಇಲ್ಲವೋ, ಆ ಪಾದ್ರಿಯ ಮಾತು ನಂಬುತ್ತೀರೋ ಇಲ್ಲವೋ, ಯಾರೂ ಕೇಳುತ್ತಿರಲಿಲ್ಲ. ಕೊಡಲೇಬೇಕು.

1758ರಲ್ಲಿ ಬೆಳೆ ಕೈಕೊಟ್ಟು ಹೊಗೆಸೊಪ್ಪಿನ ಬೆಲೆ ಏರಿತು. ಶಾಸನಸಭೆ ಒಂದು ಕಾಯಿದೆ ಮಾಡಿತು: ಹೊಗೆಸೊಪ್ಪಿನ ಬದಲು ಪೌಂಡಿಗೆ ಎರಡು ಪೆನ್ನಿ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಸಾಕು. ಪಾದ್ರಿಗಳಿಗೆ ಸಿಟ್ಟು ಬಂತು. ದೊರೆ ಆ ಕಾಯಿದೆಯನ್ನು ತಳ್ಳಿಹಾಕಿದ. ಒಬ್ಬ ಪಾದ್ರಿ ಬಾಕಿ ಸಂಬಳಕ್ಕೆ ಮೊಕದ್ದಮೆ ಹೂಡಿದ. 1763ರಲ್ಲಿ ಹ್ಯಾನೋವರ್ ಕೋರ್ಟಿನಲ್ಲಿ ಎದುರು ಕಡೆ ವಾದಿಸಿದವನು ಇಪ್ಪತ್ತೇಳರ ಹರೆಯದ ಪ್ಯಾಟ್ರಿಕ್ ಹೆನ್ರಿ. ಜ್ಯೂರಿ ಪಾದ್ರಿಗೆ ಕೊಡಿಸಿದ ಪರಿಹಾರ ಒಂದು ಪೆನ್ನಿ! ಹೆನ್ರಿಯ ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ಇವನು ಬೇರೆ ಕಡೆ ನಿಂತು ಕಾಣಿಸಿಕೊಳ್ಳುತ್ತಾನೆ.

ತೆರಿಗೆ ಒಂದು ಕಡೆಯಾದರೆ ಜೈಲು ಇನ್ನೊಂದು ಕಡೆ. ಬ್ಯಾಪ್ಟಿಸ್ಟ್ ಅನ್ನುವ ಬೇರೆ ಕ್ರೈಸ್ತ ಪಂಗಡದ ಬೋಧಕರು ಸರ್ಕಾರದ ಪರವಾನಗಿ ಪಡೆಯದೆ ಊರೂರು ತಿರುಗಿ ಬೋಧನೆ ಮಾಡುತ್ತಿದ್ದರು. ಅವರನ್ನು ಹಿಡಿದು ಒಳಗೆ ಹಾಕುತ್ತಿದ್ದರು. ಜೇಮ್ಸ್ ಐರ್ಲೆಂಡ್ ಅನ್ನುವವರು 1769-70ರ ಚಳಿಗಾಲವನ್ನು ಕಲ್ಪೆಪರ್ ಜೈಲಿನಲ್ಲಿ ಕಳೆದರು. ಅವರು ಸುಮ್ನೆ ಕೂರಲಿಲ್ಲ. ಕಿಟಕಿಯ ಸರಳುಗಳ ಹಿಂದೆ ನಿಂತು ಹೊರಗೆ ಸೇರಿದ ಜನರಿಗೆ ಬೋಧನೆ ಮಾಡಿದರು. ಆಗದವರು ಕೇಳಲು ಬಂದವರ ಮೇಲೆ ಕುದುರೆ ಹಾಯಿಸಿದರು. ಕೇಳಲು ಬಂದಿದ್ದ ಕಪ್ಪು ಜನರನ್ನು ಹಿಡಿದು ಚಾಟಿಯಿಂದ ಹೊಡೆದರು. ಜೈಲಿನ ಬಾಗಿಲ ಬಳಿ ಮೆಣಸಿನಕಾಯಿ, ಗಂಧಕ ಸುಟ್ಟು ಹೊಗೆ ಒಳಗೆ ನುಗ್ಗಿಸಿದರು. ಮದ್ದುಗುಂಡಿನ ಪುಡಿ ಇಟ್ಟು ಸ್ಫೋಟಿಸಲೂ ನೋಡಿದರು. ಇದನ್ನೆಲ್ಲ ಐರ್ಲೆಂಡ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅಲ್ಲಿಂದ ಬರೆದ ಪತ್ರಗಳಿಗೆ ಅವರು ಹಾಕುತ್ತಿದ್ದ ವಿಳಾಸ 'ಕಲ್ಪೆಪರಿನ ನನ್ನ ಅರಮನೆಯಿಂದ'.

ಮುಂದೆ ದೇಶದ ಅಧ್ಯಕ್ಷನಾಗಲಿದ್ದ ಜೇಮ್ಸ್ ಮ್ಯಾಡಿಸನ್ ಅದೇ ಸೀಮೆಯ ಹುಡುಗ. 1774ರ ಜನವರಿಯಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಗೆಳೆಯನಿಗೆ ಬರೆದ ಪತ್ರದಲ್ಲಿ ಅವನು ಕುದಿಯುತ್ತಿದ್ದಾನೆ. ಪಕ್ಕದ ಕೌಂಟಿಯಲ್ಲಿ ಐದಾರು ಜನ ಒಳ್ಳೆಯ ಮನುಷ್ಯರು ತಮ್ಮ ಧಾರ್ಮಿಕ ಅಭಿಪ್ರಾಯ ಹೇಳಿದ್ದಕ್ಕೆ ಜೈಲಿನಲ್ಲಿದ್ದಾರೆ ಅನ್ನುತ್ತಾನೆ. ಮ್ಯಾಡಿಸನ್ ಬ್ಯಾಪ್ಟಿಸ್ಟ್ ಅಲ್ಲ. ಆಂಗ್ಲಿಕನ್ ಮನೆತನದವನು. ತನ್ನದಲ್ಲದ ನಂಬಿಕೆಯವರಿಗಾಗಿ ಅವನ ಹೊಟ್ಟೆ ಉರಿದದ್ದೇ ಈ ಕಥೆಯ ನಿಜವಾದ ಶುರು ಅಂತ ನನ್ನ ಲೆಕ್ಕ.

ಒಂದು ಪದ, ಮೂರು ಪೆನ್ನಿ

1776ರಲ್ಲಿ ವರ್ಜೀನಿಯಾ ತನ್ನ ಹಕ್ಕುಗಳ ಘೋಷಣೆಯನ್ನು ಬರೆಯುತ್ತಿತ್ತು. ಕರಡಿನಲ್ಲಿ, ಧರ್ಮದ ವಿಷಯದಲ್ಲಿ ಎಲ್ಲರಿಗೂ 'ಪೂರ್ಣ ಸಹಿಷ್ಣುತೆ' ಇರಬೇಕು ಅಂತ ಇತ್ತು. ಕೇಳಲು ಚೆನ್ನಾಗಿಯೇ ಇದೆ ಅಲ್ವಾ? ಮ್ಯಾಡಿಸನ್‌ಗೆ ಅದು ಸಾಲಲಿಲ್ಲ. ಸಹಿಸಿಕೊಳ್ಳುವವನು ಮೇಲೆ ಇರುತ್ತಾನೆ, ಸಹಿಸಿಕೊಳ್ಳಲ್ಪಡುವವನು ಕೆಳಗೆ. ಇವತ್ತು ಸಹಿಸಿದವನು ನಾಳೆ ಬೇಡ ಅನ್ನಬಹುದು. ಅವನ ಒತ್ತಾಯಕ್ಕೆ ಆ ಪದ ಹೋಗಿ, ಎಲ್ಲರಿಗೂ ಧರ್ಮವನ್ನು ಮುಕ್ತವಾಗಿ ಆಚರಿಸುವ ಸಮಾನ ಹಕ್ಕಿದೆ ಅಂತ ಆಯಿತು.

ಆದರೆ ಘೋಷಣೆ ಬೇರೆ, ಕಾನೂನು ಬೇರೆ. ಆ ಕಾನೂನಿನ ಕರಡನ್ನು, ಇವನೂ ಮುಂದೆ ಅಧ್ಯಕ್ಷನಾದವನೇ, ಥಾಮಸ್ ಜೆಫರ್ಸನ್ 1777ರಲ್ಲಿ ಬರೆದ. ಹಳೆಯ ಕಾಯಿದೆಗಳನ್ನೆಲ್ಲ ತಿದ್ದುವ ಸಮಿತಿ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಸೇರಿತ್ತು. ಆ ಕೆಲಸದಲ್ಲಿ ಹುಟ್ಟಿದ ಮಸೂದೆಗಳಲ್ಲಿ ಇದರ ಸಂಖ್ಯೆ 82. 1779ರಲ್ಲಿ ಸಭೆಯ ಮುಂದೆ ಬಂತು, ಮುಂದೆ ಹೋಗಲಿಲ್ಲ.

1784ರಲ್ಲಿ ಹೆನ್ರಿ ಬೇರೊಂದು ಮಸೂದೆಯ ಬೆನ್ನಿಗೆ ನಿಂತ. ಕ್ರೈಸ್ತ ಧರ್ಮದ ಬೋಧಕರಿಗೆ ಸರ್ಕಾರದ ತೆರಿಗೆಯಿಂದ ನೆರವು ಕೊಡುವ ಮಸೂದೆ ಅದು. ಹಿಂದಿನಂತೆ ಒಂದೇ ಚರ್ಚಿಗಲ್ಲ. ತೆರಿಗೆ ಕಟ್ಟುವವನು ತನ್ನ ದುಡ್ಡು ಯಾವ ಪಂಗಡಕ್ಕೆ ಹೋಗಬೇಕು ಅಂತ ತಾನೇ ಹೇಳಬಹುದು. ಯಾವುದನ್ನೂ ಹೇಳದಿದ್ದರೆ ಅದು ಶಾಲೆಗಳ ಕಡೆ ಹೋಗುತ್ತದೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ಮೊದಲ ಸಲ ಓದಿದಾಗ ನನಗೂ ಇದು ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸಿತು. ಜಾರ್ಜ್ ವಾಷಿಂಗ್ಟನ್‌ಗೂ ಹಾಗೇ ಅನ್ನಿಸಿತ್ತು. ತಾವು ನಂಬಿದ್ದಕ್ಕೆ ಜನ ದುಡ್ಡು ಕೊಡುವುದರಲ್ಲಿ ತನಗೆ ಗಾಬರಿಯೇನೂ ಕಾಣುವುದಿಲ್ಲ ಅಂತ ಅವರು ಬರೆದರು. ಆದರೆ ಇದು ರಾಜ್ಯವನ್ನು ಕದಡುತ್ತದೆ, ಆದ್ದರಿಂದ ಮಸೂದೆ ಸದ್ದಿಲ್ಲದೆ ಸತ್ತರೆ ಒಳ್ಳೆಯದು ಅಂತಲೂ ಸೇರಿಸಿದರು.

ಮ್ಯಾಡಿಸನ್ ಎರಡು ಕೆಲಸ ಮಾಡಿದ. ಮೊದಲನೆಯದು, ಮಸೂದೆಯನ್ನು ಮುಂದಕ್ಕೆ ಹಾಕಿಸಿ ಅಚ್ಚು ಮಾಡಿಸಿ ಜನರ ಕೈಗೆ ಹೋಗುವಂತೆ ನೋಡಿಕೊಂಡದ್ದು. ಅಷ್ಟರಲ್ಲಿ ಹೆನ್ರಿ ರಾಜ್ಯಪಾಲನಾಗಿ ಆಯ್ಕೆಯಾಗಿದ್ದ. ಆ ಕಾಲದ ದೊಡ್ಡ ಮಾತುಗಾರ ಸಭೆಯಿಂದ ಹೊರಗಾದಂತಾಯಿತು. ಎರಡನೆಯದು, 1785ರ ಬೇಸಿಗೆಯಲ್ಲಿ ಹೆಸರು ಹಾಕದೆ ಒಂದು ಮನವಿಪತ್ರ ಬರೆದದ್ದು. ಅದರ ವಾದದಲ್ಲಿ ಮೂರು ಪೆನ್ನಿಯ ಲೆಕ್ಕ ಬರುತ್ತದೆ. ಯಾವುದೋ ಒಂದು ಧರ್ಮಸಂಸ್ಥೆಗೆ ಒಬ್ಬನಿಂದ ಬರೀ ಮೂರು ಪೆನ್ನಿ ಕೀಳಬಲ್ಲ ಅಧಿಕಾರ, ನಾಳೆ ಯಾವ ವಿಷಯದಲ್ಲಿ ಬೇಕಾದರೂ ಅವನನ್ನು ಬಗ್ಗಿಸಬಲ್ಲದು. ಇವತ್ತು ಬೇರೆ ಧರ್ಮಗಳನ್ನು ಹೊರಗಿಟ್ಟು ಕ್ರೈಸ್ತ ಧರ್ಮವನ್ನು ಸ್ಥಾಪಿಸುವ ಕೈ, ನಾಳೆ ಬೇರೆ ಪಂಗಡಗಳನ್ನು ಹೊರಗಿಟ್ಟು ಒಂದೇ ಪಂಗಡವನ್ನು ಅಷ್ಟೇ ಸುಲಭವಾಗಿ ಸ್ಥಾಪಿಸುತ್ತದೆ. ಹೆನ್ರಿಯ ಮಸೂದೆ ನನಗೆ ಬೇರೆ ಥರ ಕಾಣಲು ಶುರುವಾದದ್ದು ಇಲ್ಲಿಂದ. ಎಷ್ಟು ಕೀಳುತ್ತಾರೆ ಅನ್ನುವುದಲ್ಲ ಪ್ರಶ್ನೆ. ಕೀಳುವ ಅಧಿಕಾರ ಅವರಿಗೆ ಇದೆಯೇ ಅನ್ನುವುದು.

ಆ ಮನವಿಯ ಪ್ರತಿಗಳು ಊರೂರಿಗೆ ಹೋದವು. ಬ್ಯಾಪ್ಟಿಸ್ಟರು, ಪ್ರೆಸ್ಬಿಟೇರಿಯನ್ನರಂಥ ಪಂಗಡದವರು ತಮ್ಮದೇ ಬೇರೆ ಅರ್ಜಿಗಳನ್ನೂ ಬರೆದರು. ಸಾವಿರಾರು ಸಹಿಗಳು ರಾಜಧಾನಿ ರಿಚ್ಮಂಡ್‌ಗೆ ಬಂದು ಬಿದ್ದವು. ಸಹಿ ಹಾಕಿದವರಲ್ಲಿ ಬಹಳಷ್ಟು ಜನ ತೀರಾ ಭಕ್ತರು. ಧರ್ಮದ ಮೇಲೆ ನಂಬಿಕೆ ಇಲ್ಲದವರ ಕೂಗಲ್ಲ ಅದು. 'ನಮ್ಮ ಧರ್ಮಕ್ಕೆ ಸರ್ಕಾರದ ಊರುಗೋಲು ಬೇಡ' ಅನ್ನುವವರ ಕೂಗು. ಇವತ್ತಿನ ಚರ್ಚೆಗಳಲ್ಲಿ ಈ ಅಂಶ ಎಷ್ಟು ಬೇಗ ಮರೆತುಹೋಗುತ್ತದೆ ಅಂದರೆ, ಅದನ್ನು ಎರಡು ಸಲ ಹೇಳಿದರೂ ಜಾಸ್ತಿಯಲ್ಲ.

ಹೆನ್ರಿಯ ಮಸೂದೆ ಸತ್ತಿತು. ಮ್ಯಾಡಿಸನ್ ಹಳೆಯ 82ನೇ ಮಸೂದೆಯನ್ನು ಹೊರತೆಗೆದ. 1785ರ ಡಿಸೆಂಬರ್ 17ರಂದು ಕೆಳಮನೆಯಲ್ಲಿ ಅದರ ಪರ 74 ಮತ, ವಿರುದ್ಧ 20. ಮೇಲ್ಮನೆ ಪೀಠಿಕೆಯಲ್ಲಿ ಕೆಲವು ಸಾಲು ಕತ್ತರಿಸಿತು. 1786ರ ಜನವರಿ 16ರಂದು ಕೆಲಸ ಮುಗಿಯಿತು. ಜೆಫರ್ಸನ್ ಆಗ ಪ್ಯಾರಿಸ್‌ನಲ್ಲಿ ರಾಯಭಾರಿ. ಮನುಷ್ಯನ ಮನಸ್ಸಿಗೆ ಕಾನೂನು ಮಾಡುವ ಮಹತ್ವಾಕಾಂಕ್ಷೆಯನ್ನು ಈ ನಾಡಿನಲ್ಲಿ ಶಾಶ್ವತವಾಗಿ ಆರಿಸಿಬಿಟ್ಟಿದ್ದೇವೆ ಅಂದುಕೊಳ್ಳುತ್ತೇನೆ ಅಂತ ಮ್ಯಾಡಿಸನ್ ಅವನಿಗೆ ಬರೆದ.

ಕಾಯಿದೆಯ ಒಳಗೆ

ಈ ಕಾಯಿದೆಯನ್ನು ಓದಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಆಕಾರ. ಪೀಠಿಕೆಯೇ ಉದ್ದ. ಕಾನೂನಿನ ಭಾಗ ಒಂದೇ ಪ್ಯಾರಾ. ಯಾರನ್ನೂ ಯಾವುದೇ ಪೂಜಾಸ್ಥಳಕ್ಕೆ ಹೋಗಲು, ಅದಕ್ಕೆ ದುಡ್ಡು ಕೊಡಲು ಬಲವಂತ ಮಾಡುವ ಹಾಗಿಲ್ಲ. ನಂಬಿಕೆಗಾಗಿ ಯಾರಿಗೂ ಶಿಕ್ಷೆ ಇಲ್ಲ. ಎಲ್ಲರೂ ತಮ್ಮ ಅಭಿಪ್ರಾಯ ಹೇಳಬಹುದು, ವಾದಿಸಬಹುದು. ಅದರಿಂದ ಅವರ ನಾಗರಿಕ ಹಕ್ಕು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ಪೀಠಿಕೆಯಲ್ಲಿ ಒಂದು ಹೋಲಿಕೆ ಇದೆ. ಭೌತಶಾಸ್ತ್ರದ ಬಗ್ಗೆ, ರೇಖಾಗಣಿತದ ಬಗ್ಗೆ ನಮಗಿರುವ ಅಭಿಪ್ರಾಯಕ್ಕೂ ನಮ್ಮ ನಾಗರಿಕ ಹಕ್ಕಿಗೂ ಹೇಗೆ ಸಂಬಂಧವಿಲ್ಲವೋ, ಧಾರ್ಮಿಕ ಅಭಿಪ್ರಾಯಕ್ಕೂ ಹಾಗೇ ಇಲ್ಲ ಅನ್ನುತ್ತದೆ. ತ್ರಿಕೋನದ ಬಗ್ಗೆ ನಿಮ್ಮ ಅಭಿಪ್ರಾಯ ನೋಡಿ ಯಾರಾದರೂ ಕೆಲಸ ಕೊಡುತ್ತಾರಾ? ಇಲ್ಲ. ಹಾಗಾದರೆ ದೇವರ ಬಗ್ಗೆ ಯಾಕೆ?

ಇನ್ನೊಂದು ಸಂಗತಿ ಜೆಫರ್ಸನ್ ತನ್ನ ಆತ್ಮಚರಿತ್ರೆಯಲ್ಲಿ ಹೇಳಿದ್ದು. ಪೀಠಿಕೆಯಲ್ಲಿ 'ನಮ್ಮ ಧರ್ಮದ ಪವಿತ್ರ ಕರ್ತೃ' ಅನ್ನುವ ಮಾತಿತ್ತು. ಅದರ ಮುಂದೆ 'ಯೇಸು ಕ್ರಿಸ್ತ' ಅಂತ ಸೇರಿಸಬೇಕು ಅಂತ ಒಂದು ತಿದ್ದುಪಡಿ ಬಂತು. ಸಭೆ ಅದನ್ನು ದೊಡ್ಡ ಬಹುಮತದಿಂದ ತಳ್ಳಿಹಾಕಿತು. ಇದರಿಂದ ಸಾಬೀತಾಗುವುದೇನೆಂದರೆ, ಯೆಹೂದಿ, ಕ್ರೈಸ್ತ, ಮುಸ್ಲಿಂ, ಹಿಂದೂ, ಯಾವ ನಂಬಿಕೆಯೂ ಇಲ್ಲದವನು, ಇವರೆಲ್ಲರನ್ನೂ ಈ ಕಾನೂನಿನ ಆಸರೆಯೊಳಗೆ ತರುವುದೇ ಅವರ ಉದ್ದೇಶವಾಗಿತ್ತು ಅಂತ ಜೆಫರ್ಸನ್ ಬರೆಯುತ್ತಾನೆ. ಆ ಪಟ್ಟಿಯಲ್ಲಿ 'ಹಿಂದೂ' ಅನ್ನುವ ಪದ ಕಂಡಾಗ ನಾನು ಒಂದು ಕ್ಷಣ ನಿಂತೆ. ಆ ಸಭೆಯಲ್ಲಿ ಕೂತವರಲ್ಲಿ ಬಹುಪಾಲು ಜನ ಹಿಂದೂ ಒಬ್ಬನನ್ನು ಕಣ್ಣಾರೆ ಕಂಡಿರಲಾರರು. ತಾವು ಕಾಣದವರಿಗೂ ಜಾಗ ಬಿಟ್ಟಿದ್ದರು.

ಕಾನೂನು ದಿನವಾದದ್ದು

1791ರಲ್ಲಿ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಬಂತು: ಕಾಂಗ್ರೆಸ್ ಧರ್ಮವನ್ನು ಸ್ಥಾಪಿಸುವ, ಅದರ ಮುಕ್ತ ಆಚರಣೆಯನ್ನು ತಡೆಯುವ ಕಾನೂನು ಮಾಡುವ ಹಾಗಿಲ್ಲ. ವರ್ಜೀನಿಯಾದ ಕಾಯಿದೆ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಜೆಫರ್ಸನ್ ತನ್ನ ಸಮಾಧಿಯ ಕಲ್ಲಿನ ಮೇಲೆ ಮೂರೇ ಸಂಗತಿ ಸಾಕು ಅಂದ: ಸ್ವಾತಂತ್ರ್ಯ ಘೋಷಣೆ ಬರೆದದ್ದು, ಈ ಕಾಯಿದೆ ಬರೆದದ್ದು, ವರ್ಜೀನಿಯಾ ವಿಶ್ವವಿದ್ಯಾಲಯ ಕಟ್ಟಿದ್ದು. ಎರಡು ಸಲ ದೇಶದ ಅಧ್ಯಕ್ಷನಾಗಿದ್ದು ಆ ಕಲ್ಲಿನ ಮೇಲೆ ಇಲ್ಲ.

ದಿನಾಚರಣೆ ಮಾತ್ರ ತೀರಾ ಈಚಿನದು. 1992ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ನಿರ್ಣಯ ಮಾಡಿತು. 1993ರ ಜನವರಿ 16 ಮೊದಲ ಧಾರ್ಮಿಕ ಸ್ವಾತಂತ್ರ್ಯ ದಿನ. ಆಗ ಅಧ್ಯಕ್ಷರಾಗಿದ್ದವರು ಜಾರ್ಜ್ ಎಚ್. ಡಬ್ಲ್ಯೂ. ಬುಷ್. ಅವರ ಅವಧಿ ಮುಗಿಯಲು ನಾಲ್ಕೇ ದಿನ ಉಳಿದಿತ್ತು. ಅಲ್ಲಿಂದ ಮುಂದೆ ಬಂದ ಅಧ್ಯಕ್ಷರು, ಯಾವ ಪಕ್ಷದವರೇ ಆಗಲಿ, ಈ ಪದ್ಧತಿಯನ್ನು ಮುಂದುವರಿಸಿದ್ದಾರೆ.

ಘೋಷಣೆಗಳಿಗೆ ಒಂದು ಅಚ್ಚು ಇದೆ. ಮೊದಲು ವರ್ಜೀನಿಯಾದ ಕಾಯಿದೆಯ ನೆನಪು. ನಡುವೆ ಆಯಾ ಸರ್ಕಾರಕ್ಕೆ ಆ ವರ್ಷ ಮುಖ್ಯ ಅನ್ನಿಸಿದ ವಿಷಯ. ಆಮೇಲೆ ಮನೆ, ಶಾಲೆ, ಪ್ರಾರ್ಥನಾ ಮಂದಿರಗಳಲ್ಲಿ ಸೂಕ್ತ ಕಾರ್ಯಕ್ರಮಗಳೊಂದಿಗೆ ಈ ದಿನ ಆಚರಿಸಿ ಅನ್ನುವ ಕರೆ. ಕೊನೆಗೆ ಸಹಿಯ ಮೇಲೆ ತಾರೀಖಿನ ಸಾಲು. ಅಲ್ಲಿ 'ನಮ್ಮ ಪ್ರಭುವಿನ ಇಂತಿಷ್ಟನೇ ವರ್ಷ' ಅಂತ ಬರುತ್ತದೆ. ಇದು ಎಲ್ಲ ಅಧ್ಯಕ್ಷೀಯ ಘೋಷಣೆಗಳ ಹಳೆಯ ರೂಢಿ, ಈ ದಿನಕ್ಕೆ ಅಂತ ಬರೆದದ್ದಲ್ಲ. ಆದರೂ ಈ ಒಂದು ಘೋಷಣೆಯಲ್ಲಿ ಆ ಸಾಲು ನನಗೆ ಚುಚ್ಚುತ್ತದೆ. 1785ರ ಸಭೆ ಒಂದು ಹೆಸರನ್ನು ಸೇರಿಸುವುದು ಬೇಡ ಅಂತ ಮತ ಹಾಕಿತ್ತು. ಆ ಸಭೆಯನ್ನು ನೆನೆಯುವ ಕಾಗದದಲ್ಲಾದರೂ ಆ ಎಚ್ಚರ ಇರಬಾರದೇ?

ಜೆಫರ್ಸನ್ ಒಪ್ಪುತ್ತಿದ್ದನಾ?

ಈ ಪ್ರಕರಣದ ಗಂಟು ಇರುವುದೇ ಇಲ್ಲಿ. ಅಧ್ಯಕ್ಷನಾಗಿದ್ದಾಗ ಜೆಫರ್ಸನ್ ಉಪವಾಸದ ದಿನ, ಪ್ರಾರ್ಥನೆಯ ದಿನ ಘೋಷಿಸಲು ಒಪ್ಪಲಿಲ್ಲ. ವಾಷಿಂಗ್ಟನ್ ಮಾಡಿದ್ದರು, ಜಾನ್ ಆಡಮ್ಸ್ ಮಾಡಿದ್ದರು. ಇವನು ಮಾಡಲಿಲ್ಲ. 1808ರಲ್ಲಿ ಸ್ಯಾಮ್ಯುಯೆಲ್ ಮಿಲ್ಲರ್ ಅನ್ನುವ ಪಾದ್ರಿಗೆ ಬರೆದ ಪತ್ರದಲ್ಲಿ ಕಾರಣ ಹೇಳಿದ್ದಾನೆ. ನೀವು ಆಜ್ಞೆ ಮಾಡಿ ಅನ್ನುತ್ತಿಲ್ಲ, ಬರೀ ಶಿಫಾರಸು ಮಾಡಿ ಅನ್ನುತ್ತಿದ್ದೀರಿ. ಆದರೆ ಸರ್ಕಾರದ ಶಿಫಾರಸಿಗೆ ತೂಕ ಇರಬೇಕಾದರೆ, ಪಾಲಿಸದವರಿಗೆ ಏನಾದರೂ ಒಂದು ಶಿಕ್ಷೆ ಇದ್ದೇ ಇರುತ್ತದೆ. ದಂಡವೋ ಜೈಲೋ ಅಲ್ಲದಿರಬಹುದು. ಜನರ ಕಣ್ಣಿನಲ್ಲಿ ಸಣ್ಣವರಾಗುವ ಶಿಕ್ಷೆ. ಇದು ಅವನ ವಾದದ ತಿರುಳು.

ಕಥೆ ಇಷ್ಟು ನೇರವಾಗಿಲ್ಲ ಅನ್ನುವುದನ್ನೂ ಹೇಳಬೇಕು. ಇದೇ ಜೆಫರ್ಸನ್ 1779ರಲ್ಲಿ ವರ್ಜೀನಿಯಾದ ರಾಜ್ಯಪಾಲನಾಗಿದ್ದಾಗ ಕೃತಜ್ಞತಾ ಪ್ರಾರ್ಥನೆಯ ದಿನ ಘೋಷಿಸಿದ್ದ. 82ನೇ ಮಸೂದೆ ಇದ್ದ ಅದೇ ಕಟ್ಟಿನಲ್ಲಿ 85ನೇ ಮಸೂದೆಯೂ ಇತ್ತು. ಅದು ಉಪವಾಸ ಮತ್ತು ಕೃತಜ್ಞತೆಯ ದಿನಗಳನ್ನು ಸರ್ಕಾರ ನಿಗದಿ ಮಾಡುವುದಕ್ಕೆ! ಈ ಮನುಷ್ಯರು ಕಲ್ಲಿನ ವಿಗ್ರಹಗಳಲ್ಲ. ಕಲಿಯುತ್ತಾ, ತಡವರಿಸುತ್ತಾ ಹೋದವರು. ಮ್ಯಾಡಿಸನ್ ಕೂಡ ಅಧ್ಯಕ್ಷನಾಗಿದ್ದಾಗ 1812ರ ಯುದ್ಧದ ಹೊತ್ತಿನಲ್ಲಿ ಪ್ರಾರ್ಥನಾ ದಿನಗಳನ್ನು ಘೋಷಿಸಿದ, ಮುಂದೆ ವಯಸ್ಸಾದ ಮೇಲೆ ಅಂಥ ಘೋಷಣೆಗಳು ತಪ್ಪು ಅಂತ ಟಿಪ್ಪಣಿ ಬರೆದಿಟ್ಟ.

ಹಾಗಾದರೆ ಜನವರಿ 16ರ ಘೋಷಣೆ ಜೆಫರ್ಸನ್ ಬೇಡ ಅಂದ ಜಾತಿಯದ್ದೇ? ನನ್ನ ಉತ್ತರ: ಅಲ್ಲ, ಆದರೆ ಅಂಚಿನಲ್ಲಿದೆ. ಪಕ್ಕದಲ್ಲಿ ಇನ್ನೊಂದು ದಿನವನ್ನು ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. 1952ರ ಕಾನೂನಿನಿಂದ ಅಮೆರಿಕದಲ್ಲಿ 'ರಾಷ್ಟ್ರೀಯ ಪ್ರಾರ್ಥನಾ ದಿನ' ಇದೆ. 1988ರಿಂದ ಅದು ಮೇ ತಿಂಗಳ ಮೊದಲ ಗುರುವಾರ. ಆ ದಿನ ಜನ ದೇವರ ಕಡೆ ತಿರುಗಿ ಪ್ರಾರ್ಥಿಸಬಹುದು ಅನ್ನುತ್ತದೆ ಕಾನೂನು. 2010ರಲ್ಲಿ ವಿಸ್ಕಾನ್ಸಿನ್‌ನ ಫೆಡರಲ್ ನ್ಯಾಯಾಧೀಶೆ ಬಾರ್ಬರಾ ಕ್ರ್ಯಾಬ್ ಅದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು. 2011ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತೆಗೆದುಹಾಕಿತು. ಕಾರಣ, ಘೋಷಣೆ ಯಾರ ಮೇಲೂ ಏನನ್ನೂ ಹೇರುವುದಿಲ್ಲ, ಮನಸ್ಸಿಗೆ ನೋವಾಯಿತು ಅನ್ನುವುದಷ್ಟೇ ದಾವೆ ಹೂಡಲು ಸಾಲದು. ದಿನ ಸರಿಯೋ ತಪ್ಪೋ ಅನ್ನುವುದನ್ನು ಆ ಕೋರ್ಟು ತೀರ್ಮಾನಿಸಲೇ ಇಲ್ಲ.

ಪ್ರಾರ್ಥನಾ ದಿನ ಪ್ರಾರ್ಥಿಸಿ ಅನ್ನುತ್ತದೆ. ಧಾರ್ಮಿಕ ಸ್ವಾತಂತ್ರ್ಯ ದಿನ ಒಂದು ಕಾನೂನನ್ನು ನೆನೆಯಿರಿ ಅನ್ನುತ್ತದೆ. ಮೊದಲನೆಯದರಲ್ಲಿ ಪ್ರಾರ್ಥಿಸದವನು ಹೊರಗೆ ನಿಲ್ಲುತ್ತಾನೆ. ಎರಡನೆಯದರಲ್ಲಿ ಅವನೂ ಮೊದಲ ಸಾಲಿನಲ್ಲಿ ಕೂರಬಹುದು. ಕೂರಬೇಕು ಕೂಡ, ಯಾಕೆಂದರೆ ಆ ಪಟ್ಟಿಯ ಕೊನೆಯಲ್ಲಿದ್ದವನು ಅವನೇ. ಹಾಗಾಗಿ ಘೋಷಣೆ ಓದುವಾಗ ನಾನು ಮೊದಲು ಹುಡುಕುವುದು ಅವನನ್ನು. ಒಬಾಮಾ ಕಾಲದ ಘೋಷಣೆಗಳಲ್ಲಿ ಯಾವ ಧರ್ಮವನ್ನೂ ಪಾಲಿಸದಿರುವ ಹಕ್ಕಿನ ಮಾತು ಬರುತ್ತದೆ. ಅವನಿಲ್ಲದ ಘೋಷಣೆ 'ಧರ್ಮ ಒಳ್ಳೆಯದು' ಅನ್ನುವ ಕಡೆಗೆ ಜಾರುತ್ತದೆ. ಧರ್ಮ ಒಳ್ಳೆಯದು ಅಂತ ನಾನೂ ನಂಬಬಹುದು, ನೀವೂ ನಂಬಬಹುದು. ಅದನ್ನು ಸರ್ಕಾರದ ಮೊಹರು ಒತ್ತಿ ಹೇಳುವುದು ಬೇಡ ಅಂತ ತಾನೇ ಆ ಸಾವಿರಾರು ಜನ ಸಹಿ ಹಾಕಿದ್ದು?

ಕೆಲವು ವರ್ಷ ಈ ದಿನ ಬರೀ ನೆನಪಿನ ದಿನವಾಗಿ ಉಳಿಯುವುದೂ ಇಲ್ಲ. 2020ರ ಜನವರಿ 16ರಂದು ಟ್ರಂಪ್ ಸರ್ಕಾರ ಸರ್ಕಾರಿ ಶಾಲೆಗಳಲ್ಲಿ ಪ್ರಾರ್ಥನೆಯ ಬಗ್ಗೆ ಹೊಸ ಮಾರ್ಗಸೂಚಿಯನ್ನು ಇದೇ ದಿನ ಹೊರತಂದಿತು. ಬೈಡನ್ ಕಾಲದಲ್ಲಿ ಯೆಹೂದಿ ದ್ವೇಷ, ಮುಸ್ಲಿಂ ದ್ವೇಷದ ವಿರುದ್ಧದ ಮಾತು ಮುಂದೆ ಬಂತು. ಇಬ್ಬರೂ ತಮ್ಮ ಜನರಿಗೆ ಏನೋ ಹೇಳುತ್ತಿದ್ದರು. ಅದು ರಾಜಕೀಯ, ಇರಲಿ. ನನ್ನ ಕಾಳಜಿ ಬೇರೆ. ನಡುವಿನ ಭಾಗ ಉಬ್ಬಿದಷ್ಟೂ ಹೊಗೆಸೊಪ್ಪಿನ ತೆರಿಗೆ, ಜೈಲಿನ ಕಿಟಕಿ, ಮೂರು ಪೆನ್ನಿ ಮರೆಗೆ ಸರಿಯುತ್ತವೆ. ದಿನ ಹುಟ್ಟಿದ್ದು ಅವುಗಳಿಂದ.

ಘೋಷಣೆಗಳಲ್ಲಿ ಸಾಕಷ್ಟು ಜಾಗ ಸಿಗದವರು

ಕಲ್ಪೆಪರ್ ಜೈಲಿನ ಕಿಟಕಿಯ ಹೊರಗೆ ಚಾಟಿ ಏಟು ತಿಂದವರನ್ನು ನೆನೆಯಿರಿ. 1786ರ ಕಾಯಿದೆ ಅವರಿಗೆ ಏನು ಕೊಟ್ಟಿತು? ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದವನು. ಮನಸ್ಸು ಸ್ವತಂತ್ರ ಅಂತ ಬರೆದ ಕೈಯೇ ಅದು. 1831ರಲ್ಲಿ ಗುಲಾಮನೂ ಬೋಧಕನೂ ಆಗಿದ್ದ ನ್ಯಾಟ್ ಟರ್ನರ್ ವರ್ಜೀನಿಯಾದಲ್ಲಿ ದಂಗೆ ಎದ್ದ. ಮರುವರ್ಷ ವರ್ಜೀನಿಯಾ ಒಂದು ಕಾನೂನು ಮಾಡಿತು: ಗುಲಾಮರಾಗಲಿ ಸ್ವತಂತ್ರರಾಗಲಿ, ಕಪ್ಪು ಜನ ಬೋಧನೆ ಮಾಡುವ ಹಾಗಿಲ್ಲ, ತಾವೇ ಧಾರ್ಮಿಕ ಸಭೆ ಸೇರಿಸುವ ಹಾಗಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಧಾರ್ಮಿಕ ಸ್ವಾತಂತ್ರ್ಯದ ಕಾಯಿದೆ ಮಾಡಿದ ಶಾಸನಸಭೆಯೇ ಇದನ್ನೂ ಮಾಡಿದ್ದು. ಅದೇ ರಿಚ್ಮಂಡ್‌ನಲ್ಲಿ 1841ರಲ್ಲಿ 'ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚ್' ಶುರುವಾದಾಗ ಪಾದ್ರಿ ಬಿಳಿಯನೇ ಆಗಬೇಕಾಯಿತು. ಕೂತು ಕೇಳುವವರು ಕಪ್ಪು ಜನ. ವೇದಿಕೆ ಮಾತ್ರ ಅವರದ್ದಲ್ಲ.

ಮೂಲನಿವಾಸಿಗಳ ಕಥೆಯೂ ಹೀಗೇ. 1883ರಲ್ಲಿ ಫೆಡರಲ್ ಸರ್ಕಾರ ಅವರ ಸೂರ್ಯನೃತ್ಯದಂಥ ಆಚರಣೆಗಳನ್ನು ಅಪರಾಧ ಅಂತ ನಿಯಮ ಮಾಡಿತು. ಅವರ ಧಾರ್ಮಿಕ ಸ್ವಾತಂತ್ರ್ಯಕ್ಕೆ ಅಂತ ಒಂದು ಕಾಯಿದೆ ಬರಲು 1978 ಆಗಬೇಕಾಯಿತು. ಮೊದಲ ತಿದ್ದುಪಡಿಗೆ ಆಗ 187 ವರ್ಷ.

ಆದ್ದರಿಂದ ಈ ದಿನವೇ ಬೇಡ ಅನ್ನುವವರ ಜತೆ ನಾನಿಲ್ಲ. 1786ರ ಕಾಯಿದೆ ಸುಳ್ಳಾಗಿರಲಿಲ್ಲ. ಅದನ್ನು ಬರೆದವರು ಅದರ ಅರ್ಥದಷ್ಟು ಎತ್ತರಕ್ಕೆ ಬೆಳೆಯಲಿಲ್ಲ, ಅಷ್ಟೇ. ನನಗೆ ಬೇಕಾದ ಘೋಷಣೆ 1786 ಮತ್ತು 1832 ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ಮಾತಾಡುವಂಥದ್ದು. ಸರ್ಕಾರ ತನ್ನ ಕೈ ಕಟ್ಟಿಕೊಂಡ ವರ್ಷ ಒಂದು, ಆ ಕಟ್ಟು ಬಿಚ್ಚಿಕೊಂಡ ವರ್ಷ ಇನ್ನೊಂದು.

ಬಿಚ್ಚಿಕೊಳ್ಳಬಹುದು ಅನ್ನುವುದು ಬರೆದವರಿಗೂ ಗೊತ್ತಿತ್ತು. ಕಾಯಿದೆಯ ಕೊನೆಯ ಪ್ಯಾರಾ ಅದನ್ನೇ ಹೇಳುತ್ತದೆ. ನಮ್ಮ ನಂತರ ಬರುವ ಸಭೆಗೂ ನಮ್ಮಷ್ಟೇ ಅಧಿಕಾರ ಇದೆ, ಈ ಕಾಯಿದೆಯನ್ನು ರದ್ದು ಮಾಡದಂತೆ ಅವರನ್ನು ತಡೆಯಲು ನಮ್ಮಿಂದಾಗದು. ಆದರೆ ಮುಂದೆ ಯಾರಾದರೂ ಇದನ್ನು ರದ್ದು ಮಾಡಿದರೆ, ಇದರ ವ್ಯಾಪ್ತಿಯನ್ನು ಕುಗ್ಗಿಸಿದರೆ, ಅದು ಮನುಷ್ಯನ ಸಹಜ ಹಕ್ಕಿನ ಮೇಲಿನ ಆಕ್ರಮಣ ಅಂತ ಈಗಲೇ ಹೇಳಿಡುತ್ತೇವೆ. ಒಂದು ಕಾನೂನು ತನ್ನ ಬಲವನ್ನೂ ತನ್ನ ದೌರ್ಬಲ್ಯವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡದ್ದನ್ನು ನಾನು ಬೇರೆ ಕಡೆ ಓದಿಲ್ಲ. ಶಾಲೆಗಳಲ್ಲಿ ಈ ದಿನ ಆಚರಿಸುವುದಾದರೆ ಭಾಷಣ ಬೇಡ, ಮಕ್ಕಳ ಕೈಗೆ ಆ ಪ್ಯಾರಾ ಕೊಟ್ಟು ಓದಿಸಿದರೆ ಸಾಕು.

ಇನ್ನೊಂದು ಮಾತು. ಮಾರ್ಟಿನ್ ಲೂಥರ್ ಕಿಂಗ್ ಅವರ ನೆನಪಿನ ರಜೆ ಜನವರಿಯ ಮೂರನೇ ಸೋಮವಾರ ಬರುತ್ತದೆ. 2017ರಲ್ಲಿ, 2023ರಲ್ಲಿ ಅದು ಸರಿಯಾಗಿ ಜನವರಿ 16ಕ್ಕೇ ಬಂತು. ಕಿಂಗ್ ಬ್ಯಾಪ್ಟಿಸ್ಟ್ ಪಾದ್ರಿ. 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿ ಕೂತು, ಸಿಕ್ಕ ಪತ್ರಿಕೆಯ ಅಂಚುಗಳ ಮೇಲೆ ಪತ್ರ ಬರೆದವರು. ಕಲ್ಪೆಪರಿನ 'ಅರಮನೆ'ಯಿಂದ ಪತ್ರ ಬರೆದ ಇನ್ನೊಬ್ಬ ಬ್ಯಾಪ್ಟಿಸ್ಟ್ ಬೋಧಕರಿಗೂ ಇವರಿಗೂ ನಡುವೆ 190ಕ್ಕೂ ಹೆಚ್ಚು ವರ್ಷ. ಆ ಎರಡು ಸೋಮವಾರ ಧಾರ್ಮಿಕ ಸ್ವಾತಂತ್ರ್ಯ ದಿನಕ್ಕೂ ರಜೆ ಸಿಕ್ಕಿತು. ಅಂಚೆ ಕಚೇರಿಗಳು ಮುಚ್ಚಿದ್ದವು, ಕಿಂಗ್ ಹೆಸರಿನಲ್ಲಿ.